ಕೊಳೆತ ಮರಕ್ಕೆ ಎಪಾಕ್ಸಿ ಪುಟ್ಟಿ: ಡಬ್ಬಿಯ ಮಾತು, ಶೆಡ್ಡಿನ ಮಾತು

ಎರಡು ಭಾಗಗಳನ್ನು ಬೆರೆಸಿದಾಗ ಗಟ್ಟಿಯಾಗುವ ರಾಳ ಎಪಾಕ್ಸಿ. ಅದರಿಂದ ಮಾಡಿದ, ಮರಕ್ಕೆ ತುಂಬುವ ಪುಟ್ಟಿ ಒಳ್ಳೆಯ ಸರಕು. ಆದರೆ ಅದರ ಡಬ್ಬಿಯ ಮೇಲೆ ಬರೆದಿರುವುದನ್ನು ಅರ್ಧಕ್ಕೆ ಇಳಿಸಿಕೊಂಡು ಓದಬೇಕು. ಎಂಥ ಕೊಳೆತ ಮರವಾದರೂ ಹೊಸದಾಗುತ್ತದೆ ಎಂಬ ಅರ್ಥದ ಸಾಲು ದೊಡ್ಡಕ್ಷರದಲ್ಲಿದೆ. ಮರ ಪೂರ್ತಿ ಒಣಗಿರಬೇಕು ಎಂಬುದು ಮಾತ್ರ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿದೆ. ಶಾಲೆಯ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಬಾಟಲಿಗಳಿಗೆ ಚೀಟಿ ಬರೆದು ಅಂಟಿಸುತ್ತಲೇ ನಿವೃತ್ತಳಾದವಳು ನಾನು. ದೊಡ್ಡಕ್ಷರ ಮಾರುವವರಿಗಾಗಿ, ಸಣ್ಣಕ್ಷರ ಕೊಳ್ಳುವವರಿಗಾಗಿ ಎಂಬುದು ನನ್ನ ಹಳೆಯ ತಕರಾರು. ಹಾಗಾಗಿ ಈ ಪುಟ್ಟಿಯನ್ನು ತೋಟದ ಹಳೆಯ ಶೆಡ್ಡಿನ ಮೇಲೆ ಬಳಸುವಾಗ ಬೇಕೆಂದೇ ಬೇರೆ ಬೇರೆ ಜಾಗಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಹಚ್ಚಿ, ಮಳೆಗಾಲವೊಂದು ಕಳೆಯುವವರೆಗೆ ಕಾದು ಇದನ್ನು ಬರೆಯುತ್ತಿದ್ದೇನೆ.

ಶೆಡ್ಡು ಹೀಗಿದೆ: ಮರದ ಚೌಕಟ್ಟು, ಅಡ್ಡಡ್ಡ ಹೊಡೆದ ಹಲಗೆಯ ಗೋಡೆ, ತಗಡಿನ ಚಾವಣಿ, ಒಂದು ಕಿಟಕಿ, ಜೋತುಬಿದ್ದು ನೆಲಕ್ಕೆ ಉಜ್ಜುವ ಬಾಗಿಲು. ವರ್ಷಗಟ್ಟಲೆ ಅದರೊಳಗೆ ಒಡೆದ ಕುಂಡಗಳೂ ಹಿಡಿ ಮುರಿದ ಗುದ್ದಲಿಗಳೂ ಇದ್ದವು. ನನ್ನ ತಮ್ಮ ಬಂದು ಒಮ್ಮೆ ಸುತ್ತು ಹಾಕಿ ನೋಡಿದ.

“ಅಕ್ಕಾ, ಇದರಲ್ಲಿ ಮರಕ್ಕಿಂತ ಗೆದ್ದಲ ಮಣ್ಣೇ ಹೆಚ್ಚಿದೆ. ಕೆಡವಿಬಿಡು.”

“ಕೆಡವುವುದಕ್ಕೂ ಜನ ಬೇಕಲ್ಲ, ನೀನು ಬರುತ್ತೀಯಾ?”

ಅವನು ಆಮೇಲೆ ಕೆಡವುವ ಮಾತೆತ್ತಲಿಲ್ಲ. ತನ್ನ ಕಾರಿನ ಜ್ಯಾಕನ್ನು ಬಿಟ್ಟುಹೋದ. ಅದರ ಉಪಯೋಗ ಮುಂದೆ ಬರುತ್ತದೆ.

ಪುಟ್ಟಿಯ ಡಬ್ಬಿ ತೆರೆಯುವುದಕ್ಕೆ ಮೊದಲು ಮಾಡಬೇಕಾದ ಕೆಲಸವೇ ಪುಟ್ಟಿಯ ಕೆಲಸಕ್ಕಿಂತ ಹೆಚ್ಚು. ಕೈಯಲ್ಲಿ ಒಂದು ದಬ್ಬಳ ಹಿಡಿದು ಶೆಡ್ಡಿನ ಸುತ್ತ ಕುಳಿತು, ನೆಲದ ಹತ್ತಿರದ ಪ್ರತಿಯೊಂದು ಮರವನ್ನೂ ಚುಚ್ಚಿ ನೋಡಬೇಕು. ಗಟ್ಟಿ ಮರದಲ್ಲಿ ಮೊನೆ ಸ್ವಲ್ಪ ಇಳಿದು ನಿಲ್ಲುತ್ತದೆ, ಎಬ್ಬಿದರೆ ಉದ್ದನೆಯ ಸಿಬಿರು ಏಳುತ್ತದೆ. ಕೊಳೆತ ಮರದಲ್ಲಿ ಮೊನೆ ಸದ್ದಿಲ್ಲದೆ ಒಳಗೆ ಹೋಗುತ್ತದೆ, ಎಬ್ಬಿದರೆ ತುಂಡುತುಂಡಾಗಿ ಮುರಿಯುತ್ತದೆ. ನನ್ನ ಶೆಡ್ಡಿನ ಬಾಗಿಲವಾಡದ ಬುಡದಲ್ಲಿ ಬಣ್ಣದ ಪದರ ಅಚ್ಚುಕಟ್ಟಾಗಿತ್ತು. ಅದನ್ನು ಕೆರೆದಾಗ ಕೆಳಗಿದ್ದ ಮರ ಕಂದು ಬಣ್ಣಕ್ಕೆ ತಿರುಗಿ, ಅಡ್ಡಕ್ಕೂ ಉದ್ದಕ್ಕೂ ಬಿರುಕುಬಿಟ್ಟು, ಚೌಕ ಚೌಕ ತುಂಡುಗಳಾಗಿ ನಿಂತಿತ್ತು. ಬೆರಳಿನಿಂದ ಒತ್ತಿದರೆ ಪುಡಿ. ಕಂದು ಕೊಳೆ ಎಂದರೆ ಇದೇ. ಇದನ್ನು ತರುವ ಶಿಲೀಂಧ್ರ ಮರಕ್ಕೆ ಬಲ ಕೊಡುವ ನಾರಾದ ಸೆಲ್ಯುಲೋಸನ್ನು ತಿಂದು, ನಾರುಗಳನ್ನು ಬೆಸೆಯುವ ಲಿಗ್ನಿನ್ನನ್ನು ಬಹುಪಾಲು ಹಾಗೆಯೇ ಬಿಡುತ್ತದೆ. ಮರದ ಬಲವೆಲ್ಲ ಹೋದ ಮೇಲೂ ಆಕಾರ ಉಳಿದಿರುವುದು ಅದಕ್ಕೇ. ಬಣ್ಣ ಬಳಿದ ಶೆಡ್ಡುಗಳು ಹೊರಗಿನಿಂದ ಆರೋಗ್ಯವಾಗಿ ಕಾಣುವ ಗುಟ್ಟೂ ಇದೇ.

ಕೊಳೆಯುವುದಕ್ಕೆ ನೀರು ಬೇಕು. ಮರದ ತೇವಾಂಶ ಶೇಕಡ 20ಕ್ಕಿಂತ ಕೆಳಗೆ ಇರುವವರೆಗೆ ಈ ಶಿಲೀಂಧ್ರಗಳು ಬೆಳೆಯಲಾರವು. ಆದ್ದರಿಂದ ಕೊಳೆತ ಜಾಗದ ಮುಂದೆ ನಿಂತು ಕೇಳಬೇಕಾದ ಮೊದಲ ಪ್ರಶ್ನೆ ಇದನ್ನು ಯಾವುದರಿಂದ ತುಂಬಲಿ ಎಂಬುದಲ್ಲ, ನೀರು ಎಲ್ಲಿಂದ ಬಂತು ಎಂಬುದು. ನನ್ನ ಶೆಡ್ಡಿಗೆ ಮೂರು ಕಡೆಯಿಂದ ನೀರು ಬರುತ್ತಿತ್ತು. ವರ್ಷ ವರ್ಷ ಎಲೆ, ಗೊಬ್ಬರ ಬಿದ್ದು ತೋಟದ ನೆಲ ಏರಿ, ಕೆಳಗಿನ ಹಲಗೆಯ ಅಂಚು ಮಣ್ಣೊಳಗೆ ಹೂತಿತ್ತು. ಚಾವಣಿಯ ತಗಡಿಗೆ ಹೊಡೆದಿದ್ದ ಮೊಳೆಗಳು ಸಡಿಲವಾಗಿ ತೂತುಗಳು ಅಗಲವಾಗಿದ್ದವು. ತಗಡಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಬಾಗಿಲವಾಡದ ಬುಡಕ್ಕೆ ಎರಚುತ್ತಿತ್ತು. ಇದನ್ನು ಬಿಟ್ಟು ಎಷ್ಟು ಎಪಾಕ್ಸಿ ಮೆತ್ತಿದರೂ ಅದು ಪುಟ್ಟಿಯ ಹಿಂದೆ ಹೊಸ ಮರ ಕೊಳೆಯುವುದಕ್ಕೆ ಮುಚ್ಚಳ ಹಾಕಿದಂತೆಯೇ. ಕಿಟ್ಟಿನ ಜೊತೆ ಬರುವ ಕರಪತ್ರದಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ. ಕಂಪನಿಯ ಮೇಲೆ ನನ್ನ ಮೊದಲ ದೂರು ಇದು.

ಹಾಗಾಗಿ ಮೊದಲು ಮಣ್ಣು ತೋಡಿ, ಸುತ್ತ ಒಂದು ಗೇಣು ಅಗಲದ ಕಾಲುವೆ ಮಾಡಿ ಜಲ್ಲಿ ತುಂಬಿದ್ದಾಯಿತು. ಚಾವಣಿಯ ಮೊಳೆ ಕಿತ್ತು, ರಬ್ಬರ್ ವಾಷರಿನ ಸ್ಕ್ರೂಗಳನ್ನು ತಗಡಿನ ಏರುಭಾಗದಲ್ಲಿ ಹಾಕಿದೆ. ತಗ್ಗಿನಲ್ಲಿ ಹರಿಯುವ ನೀರು ಏರಿನಲ್ಲಿರುವ ತೂತಿನತ್ತ ಹೋಗುವುದಿಲ್ಲ. ಸೂರಿನ ಅಂಚಿಗೆ ನೀರು ಹಿಡಿಯುವ ದೋಣಿ ಕೂರಿಸಿ, ನೀರನ್ನು ಕೊಳವೆಯಲ್ಲಿ ದೂರ ಸಾಗಿಸಿದೆ. ಆಮೇಲೆ ಕೊಳೆತ ಭಾಗಗಳನ್ನು ತೆರೆದಿಟ್ಟು, ಮೇಲೆ ಮರೆ ಕಟ್ಟಿ, ಗಾಳಿಗೆ ಒಣಗಲು ಬಿಟ್ಟೆ. ಎರಡು ಮುಳ್ಳಿನ ತೇವಾಂಶ ಮಾಪಕವೊಂದನ್ನು ಎರವಲು ತಂದು ಅಳೆಯುತ್ತಿದ್ದೆ. ವಾರಗಳೇ ಹಿಡಿಯುತ್ತವೆ. ಆತುರದವರು ಈ ಪುಟ್ಟಿಯನ್ನು ಕೊಳ್ಳದಿರುವುದೇ ವಾಸಿ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳದೆ ಮುಂದೆ ಹೋಗಲಾರೆ. ಹಳೆಯ ಶೆಡ್ಡುಗಳ ಚಾವಣಿ ಕೆಲವೆಡೆ ತಗಡಿನದಲ್ಲ, ಕಲ್ನಾರು (ಆಸ್ಬೆಸ್ಟಾಸ್) ಬೆರೆಸಿದ ಸಿಮೆಂಟ್ ಹಾಳೆಯದು. ಅದನ್ನು ಕೊರೆಯುವುದು, ಕತ್ತರಿಸುವುದು, ಬ್ರಷ್ಷಿನಿಂದ ಉಜ್ಜುವುದು ಯಾವುದನ್ನೂ ಮನೆಯವರು ಮಾಡಬಾರದು. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನುಮಾನವಿದ್ದರೆ ಮುಟ್ಟದೆ, ತಿಳಿದವರನ್ನು ಕರೆಸಬೇಕು. ಇನ್ನೊಂದು, ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ ಬಣ್ಣವನ್ನು ಯಂತ್ರದಿಂದ ಉಜ್ಜಿ ಧೂಳೆಬ್ಬಿಸುವ ಬದಲು ತೇವ ಮಾಡಿ ಕೆರೆದು, ಕೆರೆದದ್ದನ್ನು ಹಾಳೆಯ ಮೇಲೆ ಹಿಡಿದು ಕಟ್ಟಿಡುವುದು ಲೇಸು.

ಮರವೂ ನಿರಪಾಯವೆಂದು ಹೇಳುವಂತಿಲ್ಲ. ನನ್ನ ಶೆಡ್ಡಿನ ಒಂದು ಮೂಲೆಗಂಬ ಮಾತ್ರ ಹಸಿರು ಛಾಯೆಯಲ್ಲಿತ್ತು, ದಬ್ಬಳ ಚುಚ್ಚಿದರೆ ಇಳಿಯದಷ್ಟು ಗಟ್ಟಿ. ಅದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಂರಕ್ಷಕವನ್ನು ಒತ್ತಡದಲ್ಲಿ ಕುಡಿಸಿದ ಮರ ಎಂಬುದು ನನ್ನ ಅಂದಾಜು. ಈ ಮಿಶ್ರಣವನ್ನು 1933ರಲ್ಲಿ ಕಂಡುಹಿಡಿದವರು ಸೊಂಟಿ ಕಾಮೇಶಂ ಎಂಬ ಭಾರತೀಯ ವಿಜ್ಞಾನಿ. ಎಷ್ಟೋ ದೇಶಗಳ ವಿದ್ಯುತ್ ಕಂಬ, ಬೇಲಿ, ಅಂಗಳದ ಜಗಲಿಗಳು ದಶಕಗಳ ಕಾಲ ಅದರ ಬಲದ ಮೇಲೆ ನಿಂತವು. ಅದರಲ್ಲಿರುವ ಆರ್ಸೆನಿಕ್ಕಿನಿಂದಾಗಿ 2003ರ ಕೊನೆಯಲ್ಲಿ ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದು ನಿಂತಿತು. ಅಂಥ ಮರದ ತುಂಡನ್ನು ಒಲೆಗೆ ಹಾಕಬಾರದು, ಹೊಟ್ಟನ್ನು ಗಿಡಕ್ಕೂ ಹಾಕಬಾರದು. ನಾನು ಆ ಕಂಬಕ್ಕೆ ಗರಗಸ ಮುಟ್ಟಿಸದೆ ಬಿಟ್ಟೆ.

ಇನ್ನು ಕಿಟ್ಟಿನ ವಿಷಯ. ಒಂದು ಪೆಟ್ಟಿಗೆಯಲ್ಲಿ ಎರಡು ಬಾಟಲಿ, ಎರಡು ಡಬ್ಬಿ, ಮೂರು ಪ್ಲಾಸ್ಟಿಕ್ ಬ್ಲೇಡು, ಒಂದು ಜೊತೆ ಕೈಗವಸು ಇವೆ. ಬಾಟಲಿಯದು ತೆಳುವಾದ ಎಪಾಕ್ಸಿ. ಕೊಳೆತು ಮೆತ್ತಗಾದ, ಆದರೆ ಇನ್ನೂ ಜಾಗಬಿಡದ ಮರಕ್ಕೆ ಕುಡಿಸಿ ಗಟ್ಟಿ ಮಾಡುವುದಕ್ಕೆ. ಡಬ್ಬಿಯದು ಪುಟ್ಟಿ, ಮರ ಇಲ್ಲದ ಕಡೆ ತುಂಬುವುದಕ್ಕೆ. ಎರಡು ಬಾಟಲಿಗಳಲ್ಲಿ, ಹಾಗೆಯೇ ಎರಡು ಡಬ್ಬಿಗಳಲ್ಲಿ, ಒಂದರದು ರಾಳ, ಇನ್ನೊಂದರದು ಗಟ್ಟಿಕಾರಕ. ಆ ಜೋಡಿಯನ್ನು ಸಮಸಮ ಬೆರೆಸಬೇಕು. ಸಮ ಎಂದರೆ ಅಳತೆಯಲ್ಲಿ ಸಮ, ತೂಕದಲ್ಲಲ್ಲ. ಎರಡು ಭಾಗಗಳ ಸಾಂದ್ರತೆ ಬೇರೆ ಬೇರೆಯಾದ್ದರಿಂದ ಅಡುಗೆಯ ತಕ್ಕಡಿ ತಂದು ತೂಗಿದರೆ ಲೆಕ್ಕ ತಪ್ಪುತ್ತದೆ. ಕರಪತ್ರದಲ್ಲಿ ಬರಿಯ ‘1:1’ ಎಂದಿದೆ. ಓದುವವರು ತಕ್ಕಡಿಗೆ ಹೋದರೆ ಅವರನ್ನು ದೂರುವಂತಿಲ್ಲ.

ಗಟ್ಟಿಕಾರಕವನ್ನು ಒಂದಿಷ್ಟು ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂದು ಹೇಳುವವರು ಬಹಳ ಮಂದಿ. ಆ ಮಾತು ಹುಟ್ಟಿದ್ದು ಕಾರಿನ ನೆಗ್ಗು ತುಂಬುವ ಪಾಲಿಯೆಸ್ಟರ್ ಪುಟ್ಟಿಯಿಂದ. ಅಲ್ಲಿ ಬೆರೆಸುವ ಪೆರಾಕ್ಸೈಡ್ ಕ್ರಿಯೆಯನ್ನು ಶುರು ಮಾಡುವುದಕ್ಕಷ್ಟೇ. ಅದು ತುಸು ಹೆಚ್ಚಾದರೆ ಕ್ರಿಯೆ ಬಿರುಸಾಗುತ್ತದೆ. ಎಪಾಕ್ಸಿಯಲ್ಲಿ ಹಾಗಲ್ಲ, ಎರಡೂ ಭಾಗಗಳ ಅಣುಗಳು ಒಂದಕ್ಕೊಂದು ಕೈ ಹಿಡಿಯಬೇಕು. ಒಂದು ಕಡೆಯದು ಹೆಚ್ಚಾದರೆ ಉಳಿದದ್ದು ಜೋಡಿಯಿಲ್ಲದೆ ಹಾಗೆಯೇ ಉಳಿದು, ಪುಟ್ಟಿ ಎಂದೆಂದಿಗೂ ಅಂಟಂಟಾಗಿ ಕೂರುತ್ತದೆ. ಬೇಗ ಬೇಕಿದ್ದರೆ ಬಿಸಿ ಬೇಕು, ಹೆಚ್ಚು ಗಟ್ಟಿಕಾರಕವಲ್ಲ.

ಬೆರೆಸುವ ಕ್ರಿಯೆ ನೋಡುವಂತಿದೆ. ಒಂದು ಡಬ್ಬಿಯದು ಬಿಳಿ, ಇನ್ನೊಂದರದು ಮಣ್ಣಿನ ಕಂದು. ಎರಡು ಸಮನಾದ ಉಂಡೆಗಳನ್ನು ಗಾಜಿನ ಚೂರಿನ ಮೇಲಿಟ್ಟು ಬ್ಲೇಡಿನಿಂದ ಒತ್ತಿ, ಮಡಚಿ, ಮತ್ತೆ ಒತ್ತುತ್ತ ಹೋಗಬೇಕು. ಮೊದಲು ಪಟ್ಟೆಪಟ್ಟೆ, ಆಮೇಲೆ ಗೆರೆಗೆರೆ, ಕೊನೆಗೆ ಒಂದೇ ಬಣ್ಣ. ಬಣ್ಣ ಒಂದಾಯಿತೆಂದು ನಿಲ್ಲಿಸದೆ ಇನ್ನೂ ಅಷ್ಟೇ ಹೊತ್ತು ಮಡಚಬೇಕು. ಬ್ಲೇಡಿನ ಅಡಿಯಲ್ಲೂ ಗಾಜಿನ ಅಂಚಿನಲ್ಲೂ ಅಂಟಿಕೊಂಡ ಬೆರೆಯದ ತುಣುಕನ್ನು ಕೆರೆದು ನಡುವೆ ತರಬೇಕು. ಎರಡು ಬಣ್ಣ ಕೊಟ್ಟಿರುವುದು ಈ ಕಂಪನಿಯ ಒಳ್ಳೆಯ ಬುದ್ಧಿ. ಎರಡೂ ಭಾಗ ಒಂದೇ ಬಣ್ಣದ ಪುಟ್ಟಿಗಳೂ ಮಾರುಕಟ್ಟೆಯಲ್ಲಿವೆ. ಅವು ಬೆರೆತಿವೆಯೋ ಇಲ್ಲವೋ ದೇವರಿಗೇ ಗೊತ್ತು.

ತೆಳು ಎಪಾಕ್ಸಿಯನ್ನು ಲೋಟದಲ್ಲಿ ಬೆರೆಸಿಟ್ಟರೆ ಅದು ತನ್ನಷ್ಟಕ್ಕೆ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಕ್ರಿಯೆ ಚುರುಕು, ಚುರುಕಾದಷ್ಟೂ ಇನ್ನೂ ಬಿಸಿ. ಲೋಟ ತುಂಬ ಬೆರೆಸಿ ಪಕ್ಕಕ್ಕಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ ಹೊಗೆಯೂ ಏಳಬಹುದು. ಹಾಗಾಗಿ ಅಗಲವಾದ ತಟ್ಟೆಗೆ ಸುರಿದು ತೆಳುವಾಗಿ ಹರಡಿಟ್ಟುಕೊಂಡು, ಅದರಿಂದ ಬ್ರಷ್ಷಿನಲ್ಲಿ ತೆಗೆದುಕೊಳ್ಳಬೇಕು. ಒಮ್ಮೆಗೆ ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಬೆರೆಸಿದ ಮೇಲೆ ಎಷ್ಟು ಹೊತ್ತು ಬಳಸಬಹುದು ಎಂದು ಡಬ್ಬಿಯ ಮೇಲೆ ಬರೆದಿರುವ ಅವಧಿ ಯಾವ ಉಷ್ಣಾಂಶಕ್ಕೆ, ಎಷ್ಟು ಪ್ರಮಾಣಕ್ಕೆ ಎಂದು ಹೇಳದಿದ್ದರೆ ಆ ಅಂಕಿಗೆ ಬೆಲೆಯೇ ಇಲ್ಲ. ಇಲ್ಲಿ ಹೇಳಿಲ್ಲ.

ಹೊತ್ತನ್ನೂ ನೋಡಿ ಹಚ್ಚಬೇಕು. ಬೆಳಿಗ್ಗೆ ಬಿಸಿಲೇರುವಾಗ ಮರ ಬಿಸಿಯಾಗಿ, ಅದರ ರಂಧ್ರಗಳೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ. ಆಗ ಹಚ್ಚಿದ ತೆಳು ಎಪಾಕ್ಸಿಯ ತುಂಬ ಗುಳ್ಳೆ. ಬಿಸಿಲಿಳಿದು ಮರ ತಣ್ಣಗಾಗುವ ಹೊತ್ತಿನಲ್ಲಿ ಹಚ್ಚಿದರೆ ಮರವೇ ಒಳಗೆಳೆದುಕೊಳ್ಳುತ್ತದೆ. ಆದರೆ ತೀರಾ ಸಂಜೆಯಾದರೆ ಇಬ್ಬನಿಯ ಕಾಟ. ತೇವದ ಗಾಳಿಯಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಾರುವ ಪೊರೆಯೊಂದು ಕಟ್ಟುತ್ತದೆ. ಅದರ ಮೇಲೆ ಇನ್ನೊಂದು ಪದರವಾಗಲಿ ಬಣ್ಣವಾಗಲಿ ಹಿಡಿಯುವುದಿಲ್ಲ. ನೀರಿನಿಂದ ತೊಳೆದರೆ ಹೋಗುತ್ತದೆ. ತೊಳೆಯದೆ ಉಜ್ಜಿದರೆ ಮರಳುಕಾಗದಕ್ಕೆ ಮೆತ್ತಿಕೊಂಡು ಮೈತುಂಬ ಹರಡುತ್ತದೆ. ಇಂಥ ಒಂದು ಸಾಲು ಕರಪತ್ರದಲ್ಲಿದ್ದಿದ್ದರೆ ಎಷ್ಟು ಜನರ ಬಣ್ಣ ಉಳಿಯುತ್ತಿತ್ತೋ.

ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಕಿಟಕಿಯ ಕೆಳಪಟ್ಟಿ. ಅದರ ಎರಡೂ ತುದಿಗಳು ಕೊಳೆತಿದ್ದವು, ನಡುವೆ ಗಟ್ಟಿಯಾಗಿತ್ತು. ಕೊಳೆತದ್ದನ್ನು ಉಳಿಯಿಂದ ಕೆತ್ತಿ, ಗಟ್ಟಿ ಮರ ಸಿಗುವವರೆಗೆ ಹೋಗಿ, ಅಲ್ಲಲ್ಲಿ ಸಣ್ಣ ತೂತು ಕೊರೆದು ತೆಳು ಎಪಾಕ್ಸಿಯನ್ನು ಕುಡಿಸಿದೆ. ಮರ ಇನ್ನು ಬೇಡ ಎನ್ನುವವರೆಗೆ, ಎಂದರೆ ಮೇಲೆ ನಿಲ್ಲತೊಡಗುವವರೆಗೆ. ಅದು ಅಂಟಂಟಾಗಿರುವಾಗಲೇ ಪುಟ್ಟಿ ತುಂಬಿ, ಅಂಚಿಗಿಂತ ತುಸು ಎತ್ತರಕ್ಕೆ ಮೆತ್ತಿದೆ. ಗಟ್ಟಿಯಾದ ಮೇಲೆ ಹತ್ತರಿ ಹಾಕಿದರೆ ಮರದಂತೆಯೇ ಸುರುಳಿ ಬಂತು! ಉಳಿಗೂ ಒಗ್ಗುತ್ತದೆ, ಸ್ಕ್ರೂವನ್ನೂ ಹಿಡಿಯುತ್ತದೆ. ನೀರು ಹೊರಕ್ಕೆ ಇಳಿಯುವಂತೆ ಮೇಲ್ಮೈಗೆ ಇಳಿಜಾರು ಕೊಟ್ಟೆ, ಅಡಿಯಲ್ಲಿ ಅಂಚಿನುದ್ದಕ್ಕೂ ಒಂದು ತೋಡು ಕೊರೆದೆ. ಆ ತೋಡಿಲ್ಲದಿದ್ದರೆ ಹನಿ ಪಟ್ಟಿಯ ಅಡಿಯಲ್ಲೇ ಹರಿದು ಗೋಡೆಗೆ ಹೋಗುತ್ತದೆ. ಈ ಒಂದು ಕೆಲಸಕ್ಕೇ ಕಿಟ್ಟಿಗೆ ಕೊಟ್ಟ ಹಣ ಸಂದಿತು ಎನ್ನಬಹುದು. ಹೊಸ ಕೆಳಪಟ್ಟಿ ಹಾಕಬೇಕಿದ್ದರೆ ಇಡೀ ಕಿಟಕಿ ಚೌಕಟ್ಟನ್ನೇ ಬಿಚ್ಚಬೇಕಿತ್ತು.

ಬಾಗಿಲವಾಡದ ಬುಡಕ್ಕೆ ಬರಿಯ ಪುಟ್ಟಿ ಸಾಲದು. ಅಲ್ಲಿ ಹೋದದ್ದು ಮುಷ್ಟಿಗಾತ್ರ. ಅಷ್ಟು ದೊಡ್ಡ ಪೊಳ್ಳನ್ನು ಪುಟ್ಟಿಯಿಂದಲೇ ತುಂಬುವುದು ದುಂದು, ದಪ್ಪ ಪದರ ಬಿಸಿಯಾಗಿ ಬಿರುಕು ಬಿಡುವ ಭಯ ಬೇರೆ. ಒಳಗೆ ಒಣಮರದ ತುಂಡೊಂದನ್ನು ಅಳತೆಗೆ ಕೊಯ್ದು ಕೂರಿಸಿ, ಸುತ್ತಲ ಸಂದಿಗೆ ಮಾತ್ರ ಪುಟ್ಟಿ ತುಂಬಿದರೆ ಕೆಲಸ ಗಟ್ಟಿ, ಪುಟ್ಟಿಯೂ ಉಳಿತಾಯ. ತುಂಡಿನ ನಾರು ಕಂಬದ ನಾರಿನ ದಿಕ್ಕಿನಲ್ಲೇ ಇರಬೇಕು. ಮರ ತೇವಕ್ಕೆ ಹಿಗ್ಗುವುದು, ಒಣಗಿದಾಗ ಕುಗ್ಗುವುದು ನಾರಿಗೆ ಅಡ್ಡಲಾಗಿ. ನಾರಿನುದ್ದಕ್ಕೆ ಅದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಎರಡು ತುಂಡು ಎರಡು ದಿಕ್ಕಿಗೆ ಎಳೆದಾಡಿದರೆ ಎಂಥ ಅಂಟೂ ಬಾಯಿಬಿಡುತ್ತದೆ.

ಗೋಡೆಯ ಹಲಗೆಗಳಲ್ಲಿ ಫಲ ಮಿಶ್ರ. ಕತ್ತರಿಸಿದ ತುದಿಗಳು ನೀರನ್ನು ಹಲಗೆಯ ಮೈಗಿಂತ ಎಷ್ಟೋ ಪಟ್ಟು ಬೇಗ ಹೀರುತ್ತವೆ. ಅಲ್ಲಿಗೆ ತೆಳು ಎಪಾಕ್ಸಿ ಕುಡಿಸಿದ್ದು ಒಳ್ಳೆಯ ಫಲ ಕೊಟ್ಟಿತು, ಇಡೀ ಮಳೆಗಾಲ ತುದಿಗಳು ಬಿಗಿಯಾಗಿಯೇ ಇದ್ದವು. ಆದರೆ ಪರೀಕ್ಷೆಗೆಂದೇ ಒಂದು ಕಡೆ ಎರಡು ಹಲಗೆಗಳ ನಡುವಿನ ಸಂದಿಯ ಮೇಲೂ ಪುಟ್ಟಿಯನ್ನು ಎಳೆದುಬಿಟ್ಟಿದ್ದೆ. ಎರಡು ಹಲಗೆಗಳು ತಂತಮ್ಮ ಪಾಡಿಗೆ ಅಲುಗಾಡುತ್ತವೆ, ಪುಟ್ಟಿ ಎರಡನ್ನೂ ಹಿಡಿದು ನಿಲ್ಲಲಾರದು. ನಿರೀಕ್ಷಿಸಿದಂತೆ ಅಲ್ಲಿ ಕೂದಲೆಳೆಯ ಬಿರುಕು ಬಿತ್ತು. ಸಂದಿಗಳು ಸಂದಿಗಳಾಗಿಯೇ ಉಳಿಯಬೇಕು. ಅಲ್ಲಿಗೆ ಬೇಕಿರುವುದು ಬಳುಕುವ ಸೀಲೆಂಟ್, ಗಟ್ಟಿ ಪುಟ್ಟಿಯಲ್ಲ.

ತಳದ ತೊಲೆಗೆ ಇದನ್ನು ಹಾಕಬೇಡಿ. ಡಬ್ಬಿಯ ಚಿತ್ರದಲ್ಲಿ ಒಬ್ಬ ಮನುಷ್ಯ ಜಂತಿಯೊಂದಕ್ಕೆ ನಗುನಗುತ್ತ ಪುಟ್ಟಿ ಮೆತ್ತುತ್ತಿದ್ದಾನೆ. ಆ ಚಿತ್ರವನ್ನು ತೆಗೆಸಬೇಕು. ಭಾರ ಹೊರುವ ಮರ ಕೊಳೆತರೆ ಕೊಯ್ದು ಹೊಸ ಮರ ಸೇರಿಸಬೇಕು, ಬೇರೆ ದಾರಿಯಿಲ್ಲ. ತಮ್ಮನ ಜ್ಯಾಕ್ ಬಂದದ್ದು ಇಲ್ಲಿ. ಗೋಡೆಯ ನಿಲುವುಗಂಬದ ಪಕ್ಕಕ್ಕೆ ಒಂದು ಗಟ್ಟಿ ಅಡ್ಡಪಟ್ಟಿ ಬಿಗಿದು, ಅದರಡಿ ಜ್ಯಾಕ್ ಇಟ್ಟು, ಎರಡು ಬೆರಳಿನಷ್ಟು ಎತ್ತಿ, ಇಟ್ಟಿಗೆಯ ಮೇಲೆ ನಿಲ್ಲಿಸಿ, ಆಮೇಲೆ ಮುಂದಿನ ಮೂಲೆಗೆ ಹೋಗುವುದು. ಒಂದೇ ಮೂಲೆಯನ್ನು ಒಮ್ಮೆಗೇ ಎತ್ತಿದರೆ ಹಲಗೆಗಳ ಮೊಳೆಗಳೆಲ್ಲ ಕಿರುಚುತ್ತವೆ, ಕಿಟಕಿಯ ಗಾಜು ಒಡೆಯುತ್ತದೆ. ಎತ್ತಿದ ಶೆಡ್ಡಿನಡಿ ಕೈ ಹಾಕುವ ಮೊದಲು ಇಟ್ಟಿಗೆಯ ಆಸರೆ ಇರಲೇಬೇಕು, ಜ್ಯಾಕನ್ನು ನಂಬಬಾರದು. ಹೊಸ ತೊಲೆಯ ಅಡಿಗೂ ಇಟ್ಟಿಗೆಗೂ ನಡುವೆ ತೇವ ಏರದಂತೆ ದಪ್ಪ ಪ್ಲಾಸ್ಟಿಕ್ ಪಟ್ಟಿ ಹಾಕಿ ಇಳಿಸಿದೆ. ರಸಮಟ್ಟದ ಗುಳ್ಳೆ ನಡುವೆ ಬಂದು ನಿಂತಾಗ ತಮ್ಮ ತಾನೇ ಎತ್ತಿದವನಂತೆ ಮೀಸೆ ತಿರುವಿದ.

ಶೆಡ್ಡು ಮಟ್ಟವಾದ ಮೇಲೆ ಬಾಗಿಲು ಅರ್ಧ ತಾನೇ ಸರಿಯಾಯಿತು. ಉಳಿದರ್ಧಕ್ಕೆ ಕಾರಣ ಅದರ ಓರೆಪಟ್ಟಿ. ಅದನ್ನು ಯಾರೋ ಹಿಂದುಮುಂದಾಗಿ ಹೊಡೆದಿದ್ದರು. ಓರೆಪಟ್ಟಿ ಕೆಳಗಿನ ಕೀಲಿನ ಮೂಲೆಯಿಂದ ಹೊರಟು ಮೇಲೆ ಚಿಲಕದ ಕಡೆಗೆ ಏರಬೇಕು. ಆಗ ಬಾಗಿಲಿನ ತೂಕ ಪಟ್ಟಿಯನ್ನು ಒತ್ತುತ್ತ ಕೀಲಿನತ್ತ ಇಳಿಯುತ್ತದೆ.

ಶೆಡ್ಡಿನ ಹಿಂದಿನ ಗೋಡೆಯಲ್ಲಿ ಹಿಂದೆ ಯಾರೋ ಮೆತ್ತಿದ್ದ ಪಾಲಿಯೆಸ್ಟರ್ ಪುಟ್ಟಿಯ ತೇಪೆಗಳಿದ್ದವು. ಹೋಲಿಸಿ ನೋಡಲು ಸಿಕ್ಕ ಅನುಕೂಲ. ಬ್ಲೇಡಿನ ಮೊನೆ ತಾಗಿಸಿದೊಡನೆ ಇಡಿಯಾಗಿ ಕಳಚಿ ಕೈಗೆ ಬಂದವು, ಹಿಂದೆ ಕಪ್ಪಾದ ಒದ್ದೆ ಮರ. ಪಾಲಿಯೆಸ್ಟರ್ ಅಗ್ಗ, ಬೇಗ ಗಟ್ಟಿಯಾಗುತ್ತದೆ, ಚೆನ್ನಾಗಿ ಉಜ್ಜಬಹುದು. ಆದರೆ ಅದು ಲೋಹದ ಮೇಲಿರಲು ಹುಟ್ಟಿದ್ದು. ಮರ ಹಿಗ್ಗಿ ಕುಗ್ಗುವಾಗ ಜೊತೆಗೆ ಬಳುಕದೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ, ಆ ಅಂಚಿನಿಂದ ನೀರು ಒಳಸೇರಿ ಹೊರಬರಲು ದಾರಿ ಕಾಣದೆ ಅಲ್ಲೇ ಕೂರುತ್ತದೆ. ಮನೆಯೊಳಗಿನ ಒಣ ಮರಕ್ಕೆ, ಮೊಳೆಯ ತೂತಿಗೆ ಅದು ಸಾಕು. ಅಂಥ ಸಣ್ಣ ತೂತುಗಳಿಗೆ ಎಪಾಕ್ಸಿ ಬೆರೆಸಿ ಕೂರುವುದು ಹಣ ಸುಡುವ ಕೆಲಸ.

ಮರವನ್ನು ಕಾಯುವ ಬೋರೇಟ್ ಲವಣದ ಕಡ್ಡಿಗಳನ್ನು ನಾನು ಬೇರೆಯಾಗಿ ಕೊಂಡೆ. ಕಿಟ್ಟಿನಲ್ಲಿ ಅವೂ ಇದ್ದಿದ್ದರೆ ಪೂರ್ಣವಾಗುತ್ತಿತ್ತು. ಗಾಜಿನಂಥ ಈ ಕಡ್ಡಿಗಳನ್ನು ತೇವ ಬರುವ ಸಂಭವವಿರುವ ಜಾಗದಲ್ಲಿ ತೂತು ಕೊರೆದು ಇಳಿಸಿ ಬೆಣೆ ಬಡಿದರೆ ಆಯಿತು. ಮರ ಒಣಗಿರುವವರೆಗೆ ಅವು ಸುಮ್ಮನಿರುತ್ತವೆ. ಒದ್ದೆಯಾದರೆ ಕರಗಿ ಆ ತೇವದೊಡನೆಯೇ ಮರದೊಳಗೆ ಹರಡಿ ಶಿಲೀಂಧ್ರವನ್ನೂ ಗೆದ್ದಲನ್ನೂ ತಡೆಯುತ್ತವೆ. ನೀರಿನಲ್ಲಿ ಕರಗುವ ಸರಕಾದ್ದರಿಂದ ಮಳೆಗೆ ಒಡ್ಡಿದ ಮೈಗೆ, ಮಣ್ಣಿಗೆ ತಾಗುವ ಮರಕ್ಕೆ ಇದು ನಿಲ್ಲುವುದಿಲ್ಲ, ಮೇಲೆ ಬಣ್ಣ ಬೇಕೇ ಬೇಕು. ಇದರಲ್ಲೊಂದು ತಮಾಷೆಯಿದೆ. ತೇವಾಂಶ ಮಾಪಕ ಅಳೆಯುವುದು ನೀರನ್ನಲ್ಲ, ಎರಡು ಮುಳ್ಳುಗಳ ನಡುವೆ ವಿದ್ಯುತ್ತಿಗೆ ಮರ ಒಡ್ಡುವ ತಡೆಯನ್ನು. ಬೋರೇಟ್ ಲವಣ ಹರಡಿದ ಮರದಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಒಣ ಮರವನ್ನೂ ಅದು ಒದ್ದೆ ಎನ್ನುತ್ತದೆ. ಹಾಗಾಗಿ ಅಳತೆಯೆಲ್ಲ ಕಡ್ಡಿ ಹಾಕುವ ಮೊದಲೇ ಮುಗಿಯಬೇಕು.

ಎಪಾಕ್ಸಿಯ ಮೇಲೆ ಬಣ್ಣ ಹಾಕದೆ ಬಿಟ್ಟರೆ ಬಿಸಿಲಿನ ನೇರಳಾತೀತ ಕಿರಣಗಳಿಗೆ ಅದು ಹಳದಿಯಾಗಿ, ಮೈ ಸೀಮೆಸುಣ್ಣದಂತೆ ಪುಡಿಯಾಗುತ್ತದೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಹೊರಬಣ್ಣ ಇದರ ಮೇಲೆ ಚೆನ್ನಾಗಿ ಕೂತಿದೆ. ಮರದ ಎಳೆ ಕಾಣಿಸಬೇಕೆಂಬ ಆಸೆಯಿದ್ದವರು ಮಾತ್ರ ನಿರಾಶರಾಗುತ್ತಾರೆ. ಎಣ್ಣೆಯಾಗಲಿ ಮರಕ್ಕೆ ಹಚ್ಚುವ ತಿಳಿಬಣ್ಣವಾಗಲಿ ಪುಟ್ಟಿಗೆ ಇಳಿಯುವುದಿಲ್ಲ, ತೇಪೆ ಎದ್ದು ಕಾಣುತ್ತದೆ. ಡಬ್ಬಿಯ ಮೇಲೆ ‘ತಿಳಿಬಣ್ಣ ಹಿಡಿಯುತ್ತದೆ’ ಎಂದಿರುವುದು ಶುದ್ಧ ಸುಳ್ಳಲ್ಲ, ಹಿಡಿಯುತ್ತದೆ, ಆದರೆ ಪಕ್ಕದ ಮರದ ಹಾಗೆ ಅಲ್ಲ. ಬಾಗಿಲಿನ ಒಳಮೈಗೆ ನಾನು ಅಗಸೆಎಣ್ಣೆ ಹಚ್ಚಿದೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯ ನಡುವೆ ಆ ಬಿಸಿ ಸಿಕ್ಕಿಕೊಂಡು ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಅದನ್ನು ಬಯಲಿನಲ್ಲಿ ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿಡಬೇಕು.

ದೂರುಗಳು ಇನ್ನೂ ಇವೆ. ಕೊಟ್ಟಿರುವ ಕೈಗವಸು ತೀರಾ ತೆಳು, ಎರಡನೆಯ ಸಲ ಹಾಕುವಾಗ ಹರಿಯಿತು. ಇದು ಸಣ್ಣ ವಿಷಯವಲ್ಲ. ಗಟ್ಟಿಯಾಗದ ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಬಹುದು. ಒಮ್ಮೆ ಹುಟ್ಟಿದರೆ ಅದು ಜೀವನಪೂರ್ತಿ ಬೆನ್ನು ಬಿಡುವುದಿಲ್ಲ. ನೈಟ್ರೈಲ್ ಕೈಗವಸು ತೊಟ್ಟುಕೊಳ್ಳಿ, ಮೈಗೆ ತಾಗಿದ್ದನ್ನು ಥಿನ್ನರಿನಿಂದ ಒರೆಸಬೇಡಿ, ಅದು ಒಳಕ್ಕೇ ಇಳಿಸುತ್ತದೆ. ಸೋಪಿನಿಂದ ತೊಳೆಯಿರಿ. ಉಜ್ಜುವುದನ್ನು ಪೂರ್ತಿ ಗಟ್ಟಿಯಾದ ಮೇಲೆಯೇ, ಮಾಸ್ಕ್ ಹಾಕಿಕೊಂಡೇ ಮಾಡಿ. ಅರೆಗಟ್ಟಿಯಾದದ್ದರ ಧೂಳೂ ಅಷ್ಟೇ ಕೆಟ್ಟದ್ದು. ಡಬ್ಬಿಗಳ ಮುಚ್ಚಳಗಳು ಒಂದೇ ಬಣ್ಣದವು, ಅದಲುಬದಲಾದರೆ ಅಂಚಿನಲ್ಲಿ ಉಳಿದದ್ದೇ ಬೆರೆತು ಮುಚ್ಚಳ ಡಬ್ಬಿಗೆ ಬೆಸೆದುಹೋಗುತ್ತದೆ. ಪುಟ್ಟಿಗೆ ಎರಡು ಬಣ್ಣ ಕೊಡುವ ಬುದ್ಧಿಯಿದ್ದವರಿಗೆ ಮುಚ್ಚಳಕ್ಕೆ ಎರಡು ಬಣ್ಣ ಕೊಡಲು ಏನಡ್ಡಿಯೋ! ನಾನು ಪ್ರಯೋಗಾಲಯದ ಚಾಳಿಯಂತೆ ಕೊಂಡ ಕೂಡಲೇ ಡಬ್ಬಿಗೂ ಮುಚ್ಚಳಕ್ಕೂ ಅಳಿಸದ ಶಾಯಿಯಲ್ಲಿ ‘ಅ’, ‘ಆ’ ಎಂದು ಬರೆದಿಟ್ಟೆ.

ಕೊಳ್ಳುವವರಿಗೆ ಹೇಳುವುದಾದರೆ, ದಬ್ಬಳ ಹಿಡಿದು ಸುತ್ತು ಹಾಕಿ ಬಂದ ಮೇಲೆಯೇ ಯಾವ ಅಳತೆಯ ಕಿಟ್ ಎಂದು ನಿರ್ಧರಿಸಿ. ಕೊಳೆತದ್ದು ಕಿಟಕಿಯ ಕೆಳಪಟ್ಟಿ, ಬಾಗಿಲವಾಡದ ಬುಡ, ಹಲಗೆಯ ತುದಿ ಇಷ್ಟೇ ಆದರೆ ಸಣ್ಣ ಕಿಟ್ ಸಾಕು. ದೊಡ್ಡ ಪೊಳ್ಳುಗಳಿಗೆ ಮರದ ತುಂಡು ಕೂರಿಸುತ್ತೀರಾದ್ದರಿಂದ ಪುಟ್ಟಿ ಅಂದುಕೊಂಡದ್ದಕ್ಕಿಂತ ಕಡಿಮೆ ಹಿಡಿಯುತ್ತದೆ. ಮೊದಲು ಖಾಲಿಯಾಗುವುದು ಬಾಟಲಿಯ ತೆಳು ಎಪಾಕ್ಸಿ. ಒಣಗಿದ ಹಳೆಯ ಮರ ಅದನ್ನು ಕುಡಿಯುವ ಬಗೆ ಗಾಬರಿ ಹುಟ್ಟಿಸುತ್ತದೆ. ಅದನ್ನು ಬಿಡಿಯಾಗಿಯೂ ಮಾರುವ ಕಂಪನಿಯದನ್ನೇ ಆರಿಸಿಕೊಳ್ಳಿ. ತಳದ ತೊಲೆಯೇ ಹೋಗಿದ್ದರೆ ಕಿಟ್ಟಿನ ಹಣದಲ್ಲಿ ಮರ ಕೊಳ್ಳಿ, ಜ್ಯಾಕ್ ಇರುವ ನೆಂಟರನ್ನು ಕರೆಯಿರಿ.